ಪ್ರತಿ ಬೀದಿಗೂ ಒಬ್ಬ ಅಜ್ಜಿ

ನಮ್ಮ ಯಜಮಾನರು ತೀರಿಕೊಳ್ಳುವ ಹಿಂದಿನ ದಿನ ನಾವಿಬ್ಬರೂ ಸಾರಿನ ಪುಡಿಯ ವಿಷಯಕ್ಕೆ ಜಗಳವಾಡಿದ್ದೆವು. ಅದೇ ನಮ್ಮ ಮನೆಯ ಕೊನೆಯ ಮಾಮೂಲು ದಿನ ಎಂದು ಗೊತ್ತಿದ್ದರೆ ಜಗಳಕ್ಕೆ ಇನ್ನಷ್ಟು ಒಳ್ಳೆಯ ವಿಷಯ ಹುಡುಕುತ್ತಿದ್ದೆ. ಬ್ರಿಸ್ಬೇನ್ ಹತ್ತಿರ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಮನೆಯಲ್ಲಿ ಮಂಚದ ಮೇಲೆ, ತಿಮೋರ್‌ಗೆ ಹೊರಟಿದ್ದ ಅವರ ಸೂಟ್‌ಕೇಸ್ ಬಾಯಿ ತೆರೆದುಕೊಂಡಿತ್ತು. ನಾನಿಟ್ಟ ಪುಡಿಯ ಪೊಟ್ಟಣವನ್ನು ಎತ್ತಿ ಹೊರಗಿಟ್ಟು, ಆ ಜಾಗದಲ್ಲಿ ಅವರು ರಬ್ಬರ್ ವಾಷರ್ ತುಂಬುತ್ತಿದ್ದರು.

“ರೀ, ಅಲ್ಲಿ ಊಟಕ್ಕೆ ವಾಷರ್ ಬೇಯಿಸ್ಕೋತೀರಾ?”

“ಸಾರಿಲ್ದೆ ನಾನಿರ್ತೀನಿ ಕಣೇ. ವಾಷರ್ ಇಲ್ದೆ ಆ ಪಂಪು ಇರಲ್ಲ. ಗುಡ್ಡದ ಮೇಲಿನ ಮನೆಗಳಿಗೆ ನೀರು ಹತ್ತಿಸಿಬಿಟ್ರೆ ಮುಗೀತು. ಇದೇ ಕೊನೆ ಸಲ.”

“ಹೋದ ಸಲವೂ ಇದೇ ಕೊನೆ ಸಲ ಆಗಿತ್ತು.”

ಕೊನೆಗೆ ಎರಡನ್ನೂ ತುರುಕಿದೆವು. ಮೊನ್ನೆ ಅಡಿಲೇಡ್‌ನಲ್ಲಿ ಮಗಳ ಗ್ಯಾರೇಜಿನ ಮೂಲೆಯಿಂದ ಆ ಸೂಟ್‌ಕೇಸ್ ಎಳೆದು ತೆರೆದರೆ, ಸೈಕಲ್ ಶಾಪಿನಲ್ಲಿ ಯಾರೋ ಸಾರು ಕುದಿಸುತ್ತಿರುವಂಥ ವಾಸನೆ. “ಅಮ್ಮಾ, ಪ್ಲೀಸ್, ಇದನ್ನ ಎಸೆದ್ಬಿಡೋಣ,” ಎಂದು ಮಗಳು ಮೂಗು ಮುಚ್ಚಿಕೊಂಡಳು. ನಾನು ಮತ್ತೊಂದು ಸಲ ಮೂಸಿ, ಜಿಪ್ ಎಳೆದೆ.

ಇವರ ಕೆಲಸ ನೀರು. ಮೈಸೂರಿನಲ್ಲಿ ಕಲಿತರು, ಪರ್ತ್‌ನಲ್ಲಿ ದುಡಿದರು, ಬ್ರಿಸ್ಬೇನ್‌ನಲ್ಲಿ ನಿವೃತ್ತರಾದರು. ಊರು ಬದಲಾಯಿತೇ ಹೊರತು ಕೊಳವೆ ಬದಲಾಗಲಿಲ್ಲ. ಪರ್ತ್‌ನಲ್ಲಿದ್ದಾಗ ಭಾನುವಾರ ರೈಲು ಹತ್ತಿ ಫ್ರೀಮ್ಯಾಂಟಲ್‌ಗೆ ಹೋಗುತ್ತಿದ್ದೆವು. ಎಲ್ಲರೂ ಹಡಗು ನೋಡಿದರೆ ಇವರು ಹಡಗಿಗೆ ಕುಡಿಯುವ ನೀರು ಎಲ್ಲಿಂದ ತುಂಬುತ್ತಾರೆ ಎಂದು ಹುಡುಕುವರು. ನೀವೇನಾದರೂ ನಮ್ಮನ್ನು ಊಟಕ್ಕೆ ಕರೆದಿದ್ದರೆ, ಕೈ ತೊಳೆಯಲು ಹೋದ ಮನುಷ್ಯ ಯಾಕಿನ್ನೂ ಬರಲಿಲ್ಲ ಎಂದು ಎಲೆಯ ಮುಂದೆ ಕಾಯುತ್ತಿದ್ದಿರಿ. ಅವರು ನಿಮ್ಮ ನಲ್ಲಿ ಬಿಚ್ಚಿಕೊಂಡು ಕೂತಿರುತ್ತಿದ್ದರು.

ನಾನು ಪಿಯುಸಿ ಓದಿದವಳು. ದೇಶ ಕಟ್ಟುವುದೆಂದರೆ ಬಾವುಟ, ಭಾಷಣ ಎಂದುಕೊಂಡಿದ್ದೆ. ನಿವೃತ್ತಿಯಾದ ಮೇಲೆ ಇವರು ಮನೆಯಲ್ಲಿರುತ್ತಾರೆ ಎಂದೂ ಎಂದುಕೊಂಡಿದ್ದೆ. ಅಷ್ಟರಲ್ಲಿ ಪೂರ್ವ ತಿಮೋರ್‌ನಿಂದ ಕರೆ ಬಂತು. ಡಾರ್ವಿನ್‌ನಿಂದ ಸಮುದ್ರ ದಾಟಿದರೆ ಸಿಗುವ ಪುಟ್ಟ ದೇಶ. ಬಹಳ ವರ್ಷ ಯುದ್ಧ ಕಂಡು, ಸುಟ್ಟ ಊರುಗಳನ್ನು ಮತ್ತೆ ಕಟ್ಟಿಕೊಳ್ಳುತ್ತಿತ್ತು. ಗುಡ್ಡದ ಬುಡದ ಒಂದು ಊರಿಗೆ ನೀರು ಬರುವಂತೆ ಮಾಡಿಕೊಡಬೇಕಿತ್ತು.

ಮೊದಲ ಸಲ ಹೊರಡುವ ಮುಂಚೆ ನಮ್ಮ ಕನ್ನಡದವರೊಬ್ಬರ ಮನೆಯಲ್ಲಿ ಬಾರ್ಬೆಕ್ಯೂ ಊಟ, ಇಲ್ಲಿಯವರ ಬಾಯಲ್ಲಿ ಬಾರ್ಬಿ. ಹಿತ್ತಲಿನ ಒಲೆಯ ಒಂದು ತುದಿಗೆ ಸಾಸೇಜು, ಮಡಿ ಕೆಡದಷ್ಟು ದೂರದಲ್ಲಿ ಪನೀರು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಡಾಕ್ಟರ್ ಹುಡುಗನೊಬ್ಬ ತಟ್ಟೆ ಹಿಡಿದು ಬಂದ.

“ಅಂಕಲ್, ಯುದ್ಧ ಮುಗಿದ ದೇಶಕ್ಕೆ ಫಸ್ಟ್ ಬೇಕಾಗಿರೋದು ಇನ್ವೆಸ್ಟ್‌ಮೆಂಟ್. ಜಾಬ್ಸ್ ಬಂದ್ರೆ ಮಿಕ್ಕಿದ್ದೆಲ್ಲ ತಾನಾಗೇ ಬರುತ್ತೆ.”

“ಬೆಳಿಗ್ಗೆಯೆಲ್ಲ ನೀರು ಹೊರೋ ಹೆಂಗಸು ನಿನ್ನ ಜಾಬ್‌ಗೆ ಎಷ್ಟೊತ್ತಿಗೆ ಬರ್ತಾಳಪ್ಪಾ?”

ಹುಡುಗ ಚೆನ್ನಾಗಿ ಓದಿದವನು, ಅವನಲ್ಲಿ ಉತ್ತರವಿತ್ತು. ಆದರೆ ಅಷ್ಟರಲ್ಲಿ ಇವರು ಆ ಮನೆಯವರ ತೋಟದ ನಲ್ಲಿ ಸೋರುತ್ತಿರುವುದನ್ನು ಕಂಡುಬಿಟ್ಟಿದ್ದರು.

ಆ ಊರಿನಲ್ಲಿ ದಿನವಿಡೀ ಬಿಡುವಷ್ಟು ನೀರಿರಲಿಲ್ಲ. ಹಾಗಾಗಿ ಇವರು ನಮ್ಮ ಚಿಕ್ಕಂದಿನ ಮೈಸೂರನ್ನೇ ಅಲ್ಲಿಗೆ ಹೊತ್ತೊಯ್ದರು: ದಿನ ಬಿಟ್ಟು ದಿನ, ಬೀದಿಗೊಂದು ಸರದಿ, ಬೆಳಕು ಹರಿಯುವ ಮುಂಚೆ. ನಿಮಗೂ ನೆನಪಿರಬೇಕು, ನಲ್ಲಿ ಮೊದಲು ಕೆಮ್ಮುತ್ತಿತ್ತು, ಆಮೇಲೆ ಕೆಂಪು ನೀರು, ಆಮೇಲೆ ನೀರು. ಹಂಡೆ, ಕೊಳಗ, ಬಕೆಟ್ಟು, ಕೊನೆಗೆ ಲೋಟವೂ ತುಂಬುತ್ತಿತ್ತು.

ಮೊದಲ ವಾರವೇ ಫೋನ್ ಬಂತು. ದನಿ ಸಪ್ಪಗಿತ್ತು.

“ನೀರು ಸಮಯಕ್ಕೆ ಬಿಟ್ಟೆ ಕಣೇ. ಹಿಡಿಯೋರೇ ಇಲ್ಲ. ಎಲ್ಲ ಚರಂಡಿಗೆ ಹೋಯ್ತು.”

“ಮಲಗಿರ್ತಾರೆ.”

“ಎಲ್ಲಿ ಮಲಗ್ತಾರೆ? ಕತ್ತಲಲ್ಲೇ ಎದ್ದು ಗದ್ದೆಗೆ, ಸಂತೆಗೆ ಹೋಗ್ಬಿಡ್ತಾರೆ.”

“ಮನೇಲಿ ಅಜ್ಜಿ ಇರಲ್ವಾ?”



“ನಾನೂ ಇರ್ತಾರೆ ಅಂದ್ಕೊಂಡೇ ಮಾಡ್ದೆ. ಇಲ್ಲಿ ಅಜ್ಜಿಗಳಿಲ್ಲ.”

ಆ ಊರಿನಲ್ಲಿ ಅಜ್ಜಿಯಾಗಬೇಕಿದ್ದವರು ಬಹುಪಾಲು ಯುದ್ಧದಲ್ಲಿ, ಯುದ್ಧ ತಂದ ಹಸಿವಿನಲ್ಲಿ ಹೋಗಿಬಿಟ್ಟಿದ್ದರು. ಮೈಸೂರಿನಲ್ಲಿ ಬೆಳೆದವರಿಗೆ ಹೀಗೊಂದು ಊರಿರಬಹುದು ಎಂದು ಹೊಳೆಯುವುದಿಲ್ಲ. ನಮ್ಮಲ್ಲಿ ಎಂಜಿನಿಯರು ನೀರು ಬಿಡುತ್ತಿದ್ದನಷ್ಟೇ. ಅದನ್ನು ಮನೆಯೊಳಕ್ಕೆ ತರುತ್ತಿದ್ದವಳು ಅಜ್ಜಿ. ಕೋಳಿಗಿಂತ ಮೊದಲು ಎದ್ದು, ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ, ಪಕ್ಕದ ಮನೆಯವರನ್ನು ಕೂಗಿ ಎಬ್ಬಿಸಿ, ಎದ್ದವರನ್ನು ಯಾಕೆ ತಡವಾಯಿತೆಂದು ಬೈಯುತ್ತಿದ್ದಳು. ಸಂಬಳವಿಲ್ಲ, ರಜೆಯಿಲ್ಲ, ಯಾವ ನಕಾಶೆಯಲ್ಲೂ ಅವಳ ಗುರುತಿಲ್ಲ.

ಇವರ ಜೊತೆ ಮರಿಯಾ ಎಂಬ ಹುಡುಗಿಯಿದ್ದಳು, ಅದೇ ಊರಿನವಳು, ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದವಳು. ಅವಳೇ ದಾರಿ ತೆಗೆದಳು. ಪ್ರತಿ ಬೀದಿಯಲ್ಲೂ ಪಾಳಿಯ ಪ್ರಕಾರ ಯಾರಾದರೊಬ್ಬರು ಉಳಿದುಕೊಂಡು ಎಲ್ಲರ ಪಾತ್ರೆ ತುಂಬಿಸಬೇಕು. ಇವರು ಹಗಲೆಲ್ಲ ಮೈಸೂರಿನ ಅಜ್ಜಿಯ ಕಥೆ ಹೇಳಿ ಊರವರ ಕಿವಿ ತೂತು ಮಾಡಿದ್ದರಿಂದ, ಆ ಕೆಲಸಕ್ಕೆ ಅಲ್ಲಿಯವರು ‘ಅಜ್ಜಿ’ ಎಂದೇ ಹೆಸರಿಟ್ಟರು. ಸಂತೆಬೀದಿಯ ಮೊದಲ ಅಜ್ಜಿಗೆ ದಪ್ಪ ಮೀಸೆಯಿತ್ತು. ಅವನು ಕ್ಷೌರಿಕ. ಹೇಗೂ ಮನೆಯಲ್ಲಿರಬೇಕು, ಹೇಗೂ ನೀರಿದೆ ಎಂದು ಜಗಲಿಯ ಮೇಲೊಂದು ಕುರ್ಚಿ ಹಾಕಿದ. ಕಾಯುವ ಗಿರಾಕಿಗಳಿಗೆ ಪಕ್ಕದ ಮನೆಯವಳು ಕಾಫಿ ಮಾರತೊಡಗಿದಳು. ಹೆರಿಗೆ ಆಸ್ಪತ್ರೆಯ ನರ್ಸು ಬಿಂದಿಗೆ ಹೊರುವುದನ್ನು ಬಿಟ್ಟು ಬಾಣಂತಿಯರ ಹತ್ತಿರ ನಿಂತಳು. “ಇನ್ವೆಸ್ಟ್‌ಮೆಂಟ್ ಬಂತು ಅಂತ ಆ ಡಾಕ್ಟರ್‌ಗೆ ಹೇಳು, ಒಂದು ಕುರ್ಚಿ,” ಎಂದು ಇವರು ಫೋನಿನಲ್ಲಿ ನಕ್ಕರು.

ಉಳಿದದ್ದು ಗುಡ್ಡದ ಮೇಲಿನ ಮನೆಗಳು. ಯುದ್ಧಕ್ಕೆ ಹೆದರಿ ಓಡಿಹೋಗಿ, ಹಿಂದಿರುಗಿ ಬಂದವರು ಕಟ್ಟಿಕೊಂಡವು. ಕೆಳಗೆ ಜಾಗ ಮಿಕ್ಕಿರಲಿಲ್ಲ. ಅಷ್ಟೆತ್ತರಕ್ಕೆ ನೀರು ಏರದು. ಅದಕ್ಕೊಂದು ಪಂಪು, ಪಂಪಿಗೊಂದು ಕಾಯಿಲೆ, ಕಾಯಿಲೆಗೊಂದು ಪ್ರಯಾಣ.

“ಆ ಗುಡ್ಡ ನನಗೆ ಸವತಿ ಕಣ್ರೀ.”

“ಸವತೀನ ಒಂದ್ಸಲ ಬಂದು ನೋಡೇ. ನಿನ್ನಷ್ಟು ಮುಂಗೋಪ ಇಲ್ಲ.”

ಗುಡ್ಡಕ್ಕೆ ನೀರು ಹತ್ತಿದ ದಿನ ನನ್ನ ಗಂಡ ನನಗೆ ಪೂರ್ತಿ ಸಿಗುತ್ತಾರೆ ಎಂಬ ಲೆಕ್ಕದಲ್ಲಿ ನಾನಿದ್ದೆ. ಆ ಪಂಪಿಗಾಗಿ ನನ್ನಷ್ಟು ದೇವರಿಗೆ ಕೈಮುಗಿದವರು ತಿಮೋರಿನಲ್ಲೂ ಇರಲಾರರು.

ಸಾರಿನ ಪುಡಿಯ ಜಗಳದ ಮರುದಿನ ಬೆಳಿಗ್ಗೆ, ಹಲ್ಲುಜ್ಜಲು ಹೋದವರು ಅಲ್ಲೇ ಕುಸಿದರು. ಆಸ್ಪತ್ರೆಯಲ್ಲಿ ನನ್ನ ಪಕ್ಕ ಕುಳಿತಿದ್ದವನು ಆ ಡಾಕ್ಟರ್ ಹುಡುಗನೇ. “ಆಂಟಿ, ಕಾಫಿ ತರ್ಲಾ?” ಎಂದು ಮತ್ತೆ ಮತ್ತೆ ಕೇಳಿದ. ಮನೆ ಮಾರಿದೆವು. ಮಗಳು ನನ್ನನ್ನು ಅಡಿಲೇಡ್‌ಗೆ ಕರೆತಂದಳು. ಇಲ್ಲಿ ಸುಖವಾಗಿದ್ದೇನೆ, ನಲ್ಲಿ ಸೋರಿದರೆ ಪ್ಲಂಬರ್ ಬರುತ್ತಾನೆ, ಕೆಲಸ ಮುಗಿಸಿ ಹೊರಟೂ ಹೋಗುತ್ತಾನೆ.

ಈಗ ಆ ಊರಿನ ನೀರೆಲ್ಲ ಮರಿಯಾಳ ಕೈಯಲ್ಲಿದೆ. ನಿನ್ನೆ ಫೋನ್ ಮಾಡಿದ್ದಳು. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಥರ ಕುಂಟುವುದರಿಂದ ನಾವು ಜೊತೆಯಾಗಿ ಚೆನ್ನಾಗಿ ನಡೆಯುತ್ತೇವೆ.

“ಒಂದು ತಿಂಗಳು ಇಲ್ಲಿಗೆ ಬನ್ನಿ ಆಂಟಿ,” ಎಂದಳು.

“ನಾನು ಬಂದು ಏನು ಮಾಡ್ಲಮ್ಮಾ?”

“ಬೆಳಿಗ್ಗೆ ನಲ್ಲಿ ಹತ್ತಿರ ಕೂತು ಬೈಯಿರಿ. ಮೈಸೂರಲ್ಲಿ ಅಜ್ಜಿ ಬೈತಾ ಇದ್ರು, ಅದಕ್ಕೇ ಎಲ್ಲ ನಡೀತಿತ್ತು ಅಂತ ಸರ್ ಹೇಳ್ತಿದ್ರು. ನಮ್ಮ ಅಜ್ಜಿಗಳು ತುಂಬಾ ಮೆದು. ಯಾರಿಗೂ ಬೈಯೋಕೇ ಬರಲ್ಲ.”

ಬಹಳ ದಿನದ ಮೇಲೆ ಜೋರಾಗಿ ನಕ್ಕೆ. ಪಕ್ಕದ ಕೋಣೆಯಿಂದ ಮಗಳು ಓಡಿ ಬಂದಳು. ಡಾರ್ವಿನ್‌ಗೆ ಟಿಕೆಟ್ ತೆಗೆಸು, ಅಲ್ಲಿಂದ ತಿಮೋರ್‌ಗೂ ಎಂದೆ.

“ಅಮ್ಮಾ, ನಿಂಗೆ ಮಂಡಿ ನೋವು!”

“ನೋವಿರೋದು ಮಂಡೀಲಿ ಕಣೇ, ಬಾಯಲ್ಲಿ ಅಲ್ಲ.”

ಫೋನ್ ಇಡುವ ಮುಂಚೆ ಮರಿಯಾಳನ್ನು ಗುಡ್ಡದ ವಿಷಯ ಕೇಳಿದ್ದೆ. ನಡುವೆ ಒಂದು ತೊಟ್ಟಿ ಕಟ್ಟಿದ್ದಾರಂತೆ, ಅಲ್ಲಿಯವರೆಗೆ ನೀರು ಏರುತ್ತದಂತೆ. ಮೇಲಿನ ಮನೆಗಳಿಗೆ ಇನ್ನೂ ನೀರು ಬಂದಿಲ್ಲ.