ಮೂರನೇ ಮೆಟ್ಟಿಲಿನ ಸುಣ್ಣದ ಗೆರೆ

ಬೆಳಗಿನ ಐದೂಕಾಲು. ಶಾಲೆಯ ಹಿಂದಿನ ಆಟದ ಮೈದಾನದ ಗೇಟು ಕಿರ್ರೆನ್ನುತ್ತದೆ. ಒಂದು ಕೈಯಲ್ಲಿ ಉದ್ದ ಹಿಡಿಯ ಪೊರಕೆ, ಇನ್ನೊಂದರಲ್ಲಿ ಸುಣ್ಣದ ಪುಡಿ ತುಂಬಿದ ಹಳೇ ಡಬ್ಬಿ ಹಿಡಿದು ಸುಣ್ಣದಮ್ಮ ಒಳಗೆ ಬರುತ್ತಾರೆ. ಕೂತು ಆಟ ನೋಡುವ ಕಲ್ಲಿನ ಮೆಟ್ಟಿಲುಗಳನ್ನು ಮೇಲಿನಿಂದ ಗುಡಿಸುತ್ತಾ ಇಳಿದವರು ಮೂರನೇ ಮೆಟ್ಟಿಲಲ್ಲಿ ಗಕ್ಕನೆ ನಿಲ್ಲುತ್ತಾರೆ. ಅಲ್ಲೊಂದು ಖಾಲಿ ಮಾತ್ರೆ ಸ್ಟ್ರಿಪ್. ಹತ್ತಕ್ಕೆ ಹತ್ತೂ ಒಡೆದಿವೆ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಕೂರುತ್ತಿದ್ದವಳು ಅವರ ಅಕ್ಕನ ಮಗಳು.

ಸ್ಟ್ರಿಪ್ಪನ್ನು ಅವರು ಎತ್ತುವುದಿಲ್ಲ. ಡಬ್ಬಿಯಿಂದ ಚಿಟಿಕೆ ಚಿಟಿಕೆ ಸುಣ್ಣ ಉದುರಿಸಿ ಸುತ್ತಲೂ ಗುಂಡಗೆ ಗೆರೆ ಎಳೆದು ಮುಂದಕ್ಕೆ ಹೋಗುತ್ತಾರೆ. ಸೂಜಿ, ಒಡೆದ ಗಾಜು ಸಿಕ್ಕರೆ ಮಾತ್ರ ತಕ್ಷಣ ಮುಚ್ಚಳದ ಡಬ್ಬಿಗೆ. ಉಳಿದ ಬಾಟಲಿ, ಸ್ಟ್ರಿಪ್ ಎಲ್ಲವೂ ಏಳೂವರೆಯವರೆಗೆ ಗೆರೆಯೊಳಗೇ ಇರಬೇಕು. ಬಂದವರು ನೋಡಬೇಕು. ಇದು ಅವರ ಕಾಯಿದೆ.

ಮೊದಲು ಹೀಗಿರಲಿಲ್ಲ. ಇಪ್ಪತ್ತೆರಡು ವರ್ಷ ಗುಡಿಸಿ ಪಳಗಿದ ಕೈ ಅದು, ಗುಡಿಸಿದ ಜಾಗ ಕಣ್ಣಿಗೊತ್ತಿಕೊಳ್ಳುವಷ್ಟು ಚೊಕ್ಕ. ಎಡವಟ್ಟಾದದ್ದೂ ಅದರಿಂದಲೇ ನೋಡಿ! ಆರೂವರೆಗೆ ವಾಕಿಂಗಿಗೆ ಬರುವವರ ಕಣ್ಣಿಗೆ ಒಂದು ಬಾಟಲಿಯೂ ಬೀಳುತ್ತಿರಲಿಲ್ಲ. "ನಮ್ಮ ಏರಿಯಾದಲ್ಲಿ ಅಂಥದ್ದೆಲ್ಲ ಇಲ್ಲ ಬಿಡಿ" ಎಂದು ಎಲ್ಲರೂ ನೆಮ್ಮದಿಯಾಗಿ ಸುತ್ತು ಹಾಕುತ್ತಿದ್ದರು.

ತಾಯಿ ತೀರಿಕೊಂಡ ಮೇಲೆ ಇವರ ಮನೆಯಲ್ಲೇ ಬೆಳೆದ ಆ ಅಕ್ಕನ ಮಗಳು ಚೂಟಿ. ಹೆಸರಿಗೆ ತಕ್ಕ ಹಾಗೆ ಪಟಪಟ ಮಾತಾಡುತ್ತಿದ್ದವಳು ಮಂಕಾದಳು. ಪರೀಕ್ಷೆ ಭಯ ಇರಬೇಕು ಅಂದುಕೊಂಡರು. ಒಂದು ಮಧ್ಯಾಹ್ನ ಮೂರನೇ ಮೆಟ್ಟಿಲಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಆಸ್ಪತ್ರೆಯಲ್ಲಿ ನರ್ಸಮ್ಮ ಅವಳ ಜೇಬಿನಿಂದ ನಶೆಗೆ ನುಂಗುವ ಮಾತ್ರೆಯ ಸ್ಟ್ರಿಪ್ ತೆಗೆದು ತೋರಿಸಿದರು.

"ಅದೇ ಹಸಿರು ಸ್ಟ್ರಿಪ್ಪು. ನಾಲ್ಕು ತಿಂಗಳಿಂದ ನಾನೇ ಗುಡಿಸ್ತಿದ್ದೆ," ಎನ್ನುತ್ತಾರೆ ಸುಣ್ಣದಮ್ಮ. "ಮನೆ ಮಗೂದೇ ಅಂತ ಗೊತ್ತಾಗ್ಲಿಲ್ವಲ್ಲ. ಎಲ್ಲಾನೂ ಗುಡಿಸಿ ಗುಡಿಸಿ ನಾನೇ ಮುಚ್ಚಿಹಾಕ್ಬಿಟ್ಟೆ."

ಆಸ್ಪತ್ರೆಯಿಂದ ಬಂದ ಮರುದಿನವೇ ಮೊದಲ ಗೆರೆ. ಒಂದಲ್ಲ, ಹನ್ನೊಂದು! ವಾಕಿಂಗಿನವರು ಉರಿದುಬಿದ್ದರು. ಗುಡಿಸುವ ಕೆಲಸದ ಉಸ್ತುವಾರಿಯ ಮೇಸ್ತ್ರಿ ಬಂದು ಕೂಗಾಡಿದ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಮೂಗು ಮುಚ್ಚಿಕೊಂಡು "ಏನಮ್ಮಾ ಇದು, ಅಸಹ್ಯ" ಅಂದರು. "ನನಗೂ ಅಸಹ್ಯಾನೇ ಸಾರ್. ಇಷ್ಟು ವರ್ಷ ಒಬ್ಬಳೇ ಪಟ್ಟುಕೊಂಡೆ, ಈಗ ನೀವೂ ಸ್ವಲ್ಪ ಪಟ್ಕೊಳಿ," ಅಂದರಂತೆ ಸುಣ್ಣದಮ್ಮ.

ಆ ಮಾತು ನಾಟಿತು. ಮೆಟ್ಟಿಲಿನ ಹಿಂಬದಿಯ ಕತ್ತಲೆ ಮೂಲೆಗೆ ದೀಪ ಬಂತು. ಗೆರೆಯೊಳಗೆ ತನ್ನ ಅಂಗಡಿಯ ಕವರನ್ನೇ ಕಂಡು ಪೆಚ್ಚಾದ ಮೆಡಿಕಲ್ ಶಾಪಿನವನು ಡಾಕ್ಟರ ಚೀಟಿ ಇಲ್ಲದೆ ಆ ಮಾತ್ರೆ ಕೊಡುವುದು ನಿಲ್ಲಿಸಿದ. ಸಂಜೆ ಐದರಿಂದ ಏಳು, ಮಕ್ಕಳು ಸುಮ್ಮನೆ ಅಲೆಯುವ ಹೊತ್ತು. ಶಾಲೆಯ ಹೆಡ್‌ಮಿಸ್ಸು ಥ್ರೋಬಾಲ್ ನೆಟ್ ಕಟ್ಟಿಸಿದರು, ದೊಡ್ಡವರು ಸರದಿಯ ಮೇಲೆ ಬಂದು ಕೂತರು. ಮೂಗು ಮುಚ್ಚಿದ್ದ ಅಧಿಕಾರಿಗೆ ಮಂಗಳವಾರದ ಪಾಳಿ. ನರ್ಸಮ್ಮ ಶನಿವಾರ ಬರುತ್ತಾರೆ, ಹೆಸರು ಕೇಳದೆ ಮಕ್ಕಳನ್ನು ಮಾತಾಡಿಸುತ್ತಾರೆ. ವಾರಕ್ಕೆ ನಲವತ್ತು ಬೀಳುತ್ತಿದ್ದ ಗೆರೆ ಈಗ ಮೂರೋ ನಾಲ್ಕೋ.

ಇವತ್ತಿನದು ಮಾತ್ರ ಮೂರನೇ ಮೆಟ್ಟಿಲಲ್ಲಿ. ಈಗ ಚೇತರಿಸಿಕೊಂಡು ಥ್ರೋಬಾಲ್ ಆಡುವ ಚೂಟಿ ಆರೂವರೆಗೆ ಬೆಳಗಿನ ಅಭ್ಯಾಸಕ್ಕೆ ಬಂದವಳು ಅದನ್ನು ನೋಡಿ ನಿಂತುಬಿಡುತ್ತಾಳೆ. ಸುಣ್ಣದಮ್ಮ ತಲೆ ತಗ್ಗಿಸಿ ಗುಡಿಸಿದ್ದನ್ನೇ ಗುಡಿಸುತ್ತಿದ್ದಾರೆ.

"ಚಿಕ್ಕಮ್ಮಾ, ನಂದಲ್ಲ."

"ನಾನು ಕೇಳಿದ್ನೇನೇ?"

"ಕೇಳ್ಬೇಕು ತಾನೇ? ಕೇಳ್ಲಿ ಅಂತಾನೇ ಅಲ್ವಾ ಗೆರೆ ಎಳೆಯೋದು?"

ಸುಣ್ಣದಮ್ಮ ಪೊರಕೆ ಗೋಡೆಗೆ ಒರಗಿಸುತ್ತಾರೆ. ಹುಡುಗಿಯ ಮುಖ ನೇರ ನೋಡಿ ಕೇಳುತ್ತಾರೆ: "ನಿಂದಾ?"

"ಅಲ್ಲ. ಯಾರೋ ಹೊಸಬರು. ಸಂಜೆ ಮತ್ತೆ ಇಲ್ಲಿಗೇ ಬರ್ತಾರೆ, ನನಗೆ ಗೊತ್ತು. ಇವತ್ತು ನಾನು ಆಡಲ್ಲ. ಇದೇ ಮೆಟ್ಟಿಲ ಮೇಲೆ ಕೂತಿರ್ತೀನಿ."

ಸುಣ್ಣದಮ್ಮ ಕಣ್ಣೊರೆಸಿಕೊಂಡು "ಸುಣ್ಣದ ಧೂಳು, ಹಾಳಾದ್ದು" ಎಂದು ಬೈಯುತ್ತಾರೆ. ಏಳೂವರೆಗೆ ಸ್ಟ್ರಿಪ್ ಎತ್ತಿ ಚೀಲಕ್ಕೆ ಹಾಕಿ, ಅಳಿಸಿಹೋದ ಥ್ರೋಬಾಲ್ ಕೋರ್ಟಿನ ಗೆರೆ ತುಂಬಲು ಬಗ್ಗುತ್ತಾರೆ. ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ತಲೆ ಎತ್ತದೆಯೇ ಉತ್ತರ ಬರುತ್ತದೆ.

"ಡಬ್ಬಿ ಸುಣ್ಣ ಪೂರ್ತಿ ಇದಕ್ಕೇ ಖರ್ಚಾಗ್ಲಿ. ಮೆಟ್ಟಿಲಿಗೆ ಒಂದು ಚಿಟಿಕೆನೂ ಬೇಡ."