ಎಂಟು ನಿಮಿಷದ ಪಟ್ಟಿ

ಮಗಳ ಶಾಲೆಯವರು ಮಕ್ಕಳನ್ನು ಮನಾಲಿಗೆ ಕರೆದೊಯ್ಯುತ್ತಾರೆಂದು ಮೊನ್ನೆ ಚೆಂಬೂರಿನ ನಮ್ಮ ಮನೆಯ ಅಟ್ಟದಿಂದ ಸ್ವೆಟರುಗಳ ಚೀಲ ಇಳಿಸಿದೆ. ಜಿಪ್ ಎಳೆದದ್ದೇ ತಡ, ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮುಂಬಯಿಯಲ್ಲಿ ವರ್ಷವಿಡೀ ಆ ವಾಸನೆ ಹೊತ್ತು ಓಡಾಡುತ್ತಿದ್ದವರು ನನಗೆ ಗೊತ್ತಿದ್ದಂತೆ ಒಬ್ಬರೇ... ವರ್ಷಗಳ ಹಿಂದೆ ಫೋರ್ಟಿನ ನಮ್ಮ ಆಫೀಸಿನಲ್ಲಿದ್ದ ಧಾರವಾಡದ ಮೇಡಮ್. ಸರ್ವರ್ ಕೋಣೆಯ ಎಸಿಗೆಂದು ಒಂದು ಕಂದು ಸ್ವೆಟರನ್ನು ಡ್ರಾಯರಿನಲ್ಲಿ ಇಟ್ಟಿರುತ್ತಿದ್ದರು.

ನಮ್ಮದು ಔಷಧಿ ವಿತರಿಸುವ ಕಂಪೆನಿ. ಯಾವ ಬ್ಯಾಚಿನ ಮದ್ದು ಯಾವ ಅಂಗಡಿಗೆ ಹೋಗಿದೆ ಎಂಬುದೆಲ್ಲ ಡೇಟಾಬೇಸಿನಲ್ಲಿತ್ತು. ಒಂದು ಬ್ಯಾಚಿನಲ್ಲಿ ದೋಷ ಕಂಡರೆ, ಅದು ತಲುಪಿದ ಅಂಗಡಿಗಳ ಪಟ್ಟಿ ತೆಗೆದು, ಎಲ್ಲರಿಗೂ ಫೋನ್ ಮಾಡಿ ಮಾರಾಟ ನಿಲ್ಲಿಸಬೇಕು. ಆ ಪಟ್ಟಿ ಬರಲು ಮೂರು ತಾಸು ಹಿಡಿಯುತ್ತಿತ್ತು. ಅಷ್ಟು ಹೊತ್ತೂ ಇಡೀ ಆಫೀಸಿನ ಕಂಪ್ಯೂಟರುಗಳು ಕುಂಟುತ್ತಿದ್ದವು. ನಾನು ಅಲ್ಲಿ ಸಿಸ್ಟಮ್ ಅಡ್ಮಿನ್. ಇದಕ್ಕಿಂತ ಬೇಗ ಆಗದು ಎಂದು ಮ್ಯಾನೇಜರಿಗೆ ಬರೆದುಕೊಟ್ಟವನೂ ನಾನೇ. ಮೇಡಮ್ ಸೇರಿದ ಎರಡನೇ ತಿಂಗಳಲ್ಲಿ ಅದೇ ಪಟ್ಟಿ ಎಂಟು ನಿಮಿಷದಲ್ಲಿ ಬಂತು.

ಹೇಗೆಂದು ಕೇಳಿದೆ.

"ಎಲ್ಲಾರೂ ಕೆಲಸ ಮಾಡೋ ಡೇಟಾಬೇಸನ್ನ ಯಾಕ ಜಗ್ಗಬೇಕು? ರಿಪೋರ್ಟಿಗಂತ ಬ್ಯಾರೆ ಕಾಪಿ ಇಟ್ಟೀನಿ. ದಿನಾ ಮುಂಜಾನೆ ತುಂಬತದ. ಅವತ್ತಿನ ಲೆಕ್ಕ ಅಷ್ಟ ಲೈವಿನಿಂದ ಸೇರಸ್ತೀನಿ. ಲಗೂನ ಹುಡುಕಾಕ ಬ್ಯಾಚ್ ನಂಬರಿಗೆ ಇಂಡೆಕ್ಸ್ ಹಾಕೀನಿ. ಮುಗೀತಲ್ಲ."

ಅಷ್ಟಕ್ಕೇ ಮುಗಿಯಿತೆಂದರೆ ನಂಬುವುದು ಹೇಗೆ? ಏನನ್ನೋ ಬಿಟ್ಟಿದ್ದಾರೆ ಎನಿಸಿತು. ಸಯನ್ನಿನಿಂದ ಮೊದಲ ಲೋಕಲ್ ಹಿಡಿದು, ಯಾರೂ ಬರುವ ಮೊದಲೇ ಬಂದು ಇವರು ಮಾಡುವ ಕೆಲಸವಾದರೂ ಏನು? ನೋಟ್‌ಬುಕ್ಕಿನಲ್ಲಿ ಸದಾ ಬರೆದುಕೊಳ್ಳುವುದು ಯಾರಿಗೋಸ್ಕರ? ಚಹಾಕ್ಕೆ ಕರೆದರೂ ಬರುವವರಲ್ಲ...

ಒಂದು ದಿನ ಅವರು ಊಟಕ್ಕೆ ಹೋದಾಗ ಒಂದೇ ಬ್ಯಾಚಿನ ನನ್ನ ಹಳೆಯ ಪಟ್ಟಿಯನ್ನೂ ಅವರದ್ದನ್ನೂ ಪಕ್ಕಪಕ್ಕ ಇಟ್ಟು ಎಣಿಸಿದೆ. ಅವರದ್ದರಲ್ಲಿ ಹದಿನೈದು ಅಂಗಡಿ ಕಡಿಮೆ! ಆಗ ನನಗೆ ಗಾಬರಿಯಾಗಬೇಕಿತ್ತು. ಆದದ್ದು ಸಂತೋಷ. ಅವರನ್ನು ಒಂದು ಮಾತೂ ಕೇಳದೆ ನೇರ ಮ್ಯಾನೇಜರ್ ಬಳಿ ಹೋದೆ.

ಮರುದಿನವೇ ಮಕ್ಕಳ ಕೆಮ್ಮಿನ ಸಿರಪ್ಪಿನ ಒಂದು ಬ್ಯಾಚ್ ವಾಪಸ್ ತರಿಸಬೇಕೆಂದು ಆದೇಶ ಬಂತು.

"ಮೇಡಮ್ ಕಾ ರಿಪೋರ್ಟ್ ಬಂದ್ ಕರೋ. ಪುರಾನಾವಾಲಾ ಚಲಾವೋ," ಎಂದರು ಮ್ಯಾನೇಜರ್. ಹಳೆಯ ರಿಪೋರ್ಟನ್ನು ಓಡಿಸಿ, ಮೇಡಮ್ ಅವರ ಪಾಸ್‌ವರ್ಡನ್ನು ನಾನೇ ನನ್ನ ಕೈಯಾರೆ ರದ್ದು ಮಾಡಿದೆ.

ಮೇಡಮ್ ಸ್ವೆಟರಿನಲ್ಲೇ ಎದ್ದು ಬಂದರು. "ಕೂಸುಗಳು ಕುಡಿಯೋ ಔಷಧ ಅದ. ನೀವು ಬಂದ್ ಮಾಡೋಕಿಂತ ಮೊದಲ ತೆಗೆದ ಪಟ್ಟಿ ನನ್ನ ಕೈಯಾಗ ಅದ. ಇದನ್ನ ಹಿಡಕೊಂಡು ಈಗ ಫೋನ್ ಶುರು ಮಾಡ್ರಿ. ನಿಮ್ಮದು ಬಂದ ಮ್ಯಾಲೆ ಉಳದದ್ದು ನೋಡ್ರಿ." ಯಾರೂ ಕಿವಿಗೊಡಲಿಲ್ಲ. ನಾನಂತೂ ಪರದೆಯಿಂದ ಕಣ್ಣೆತ್ತಲೇ ಇಲ್ಲ.

ಮೂರು ತಾಸಿನ ಮೇಲೆ ಹಳೆಯ ಪಟ್ಟಿ ಬಂತು. ಎಲ್ಲರೂ ಫೋನ್ ಹಿಡಿದರು. ಮೇಡಮ್ ಬಿಟ್ಟಿದ್ದ ಆ ಹದಿನೈದು ಅಂಗಡಿಗಳು ಇದರಲ್ಲೂ ಇದ್ದವು; ಅವನ್ನು ನಾನು ಬೇಕೆಂದೇ ಇಟ್ಟುಕೊಂಡೆ. ಮೊದಲನೆಯವನು, "ಅರೇ, ಅಭೀ ತೋ ಆಪ್ ಕೇ ಆಫೀಸ್ ಸೇ ಫೋನ್ ಆಯಾ ಥಾ," ಎಂದ. ಆಗಲೇ ನಮ್ಮವರೇ ಯಾರೋ ಫೋನ್ ಮಾಡಿದ್ದರೆಂದು ಎರಡನೆಯವನೂ ಹೇಳಿದ. ಹದಿನೈದೂ ಹಾಗೆಯೇ. ಜಾಗ ಬದಲಿಸಿದ ಅಂಗಡಿಗಳವು. ನನ್ನ ಹಳೆಯ ರಿಪೋರ್ಟು ಹಳೆ ವಿಳಾಸಕ್ಕೊಂದು, ಹೊಸ ವಿಳಾಸಕ್ಕೊಂದು ಎಂದು ಅವನ್ನು ಎರಡೆರಡು ಸಲ ಎಣಿಸುತ್ತ ಬಂದಿತ್ತು. ಕೊನೆಯವನು, "ಏಕ್ ಘಂಟಾ ಪಹಲೇ ಬೋಲ್ತೇ ತೋ... ದೋ ಬಾಟಲ್ ಅಭೀ ಗಯಾ," ಎಂದ. ಒಂದು ತಾಸು ಮೊದಲು ಹೇಳಿದ್ದರೆ ಮಾರುತ್ತಿರಲಿಲ್ಲವಂತೆ. ಆ ಎರಡು ಬಾಟಲಿಗಳು ಮುಚ್ಚಳ ತೆರೆಯದೆ ಮರಳಿ ಬಂದದ್ದು ಮರುದಿನ ಮಧ್ಯಾಹ್ನ. ಅಲ್ಲಿಯವರೆಗೆ ಆ ಅಂಗಡಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಲೇ ಇದ್ದೆ.

ಆದರೂ ಮ್ಯಾನೇಜರಿಗೆ ನಿಜ ಹೇಳಲು ನನಗೆ ಇನ್ನೆರಡು ದಿನ ಬೇಕಾಯಿತು. ಆ ಎರಡು ದಿನವೂ ಮೇಡಮ್ ಲಾಕಾದ ಪರದೆಯ ಮುಂದೆ ಕೂತಿದ್ದರು. ಪಾಸ್‌ವರ್ಡ್ ಮರಳಿ ಕೊಡಲು ಹೋದಾಗ ಆ ನೋಟ್‌ಬುಕ್ ನನ್ನತ್ತ ತಿರುಗಿಸಿದರು. ಯಾವ ಬದಲಾವಣೆಯಿಂದ ಎಷ್ಟು ನಿಮಿಷ ಉಳಿಯಿತೆಂಬುದು ಪುಟಪುಟದಲ್ಲೂ ಇತ್ತು. ಯಾರ ಕೆಲಸಕ್ಕೂ ಅಡ್ಡಿಯಾಗದೆ ಪರೀಕ್ಷಿಸಲೆಂದೇ ಅವರು ಅಷ್ಟು ಬೇಗ ಬರುತ್ತಿದ್ದದ್ದು. ಕೊನೆಯ ಪುಟದಲ್ಲಿ ಆ ಹದಿನೈದು ಅಂಗಡಿಗಳು, ಎರಡೆರಡು ವಿಳಾಸಗಳೊಂದಿಗೆ.

"ಸಂಶಯ ಬಂದದ್ದು ತಪ್ಪಲ್ಲ. ನನ್ನ ಕೇಳಬೇಕಿತ್ತು. ಬಾಜೂಕ ಕುಂಡ್ರಿಸಿಕೊಂಡು ತೋರಸ್ತಿದ್ದೆ," ಎಂದರು.

ತಿಂಗಳ ಕೊನೆಗೆ ಕೆಲಸ ಬಿಟ್ಟರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕ್ಷಮಿಸಿ ಎಂದೂ ಹೇಳಲಿಲ್ಲ...

ಸ್ವೆಟರಿನ ಚೀಲ ಇಳಿಸಿದ ಮರುದಿನ ಅವರನ್ನು ಹುಡುಕಿಕೊಂಡು ಸಯನ್ನಿಗೆ ಹೋಗಿದ್ದೆ. ಅವರಿದ್ದ ಬಿಲ್ಡಿಂಗನ್ನು ಕೆಡವಿ ಸುತ್ತ ನೀಲಿ ತಗಡು ಹೊಡೆದಿದ್ದಾರೆ. ಅಲ್ಲಿದ್ದವರು ಎಲ್ಲೆಲ್ಲಿಗೋ ಚದುರಿಹೋದರು, ಆ ಮೇಡಮ್ ಎರಡು ವರ್ಷದ ಹಿಂದೆಯೇ ತೀರಿಕೊಂಡರು ಎಂದ ವಾಚ್‌ಮನ್. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಪ್ ಉನ್ ಕೇ ಕೌನ್?" ಎಂದು ಕೇಳಿದ.

ಜೊತೆಗೆ ಕೆಲಸ ಮಾಡುತ್ತಿದ್ದೆವು ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ.