ಮಡಿಲಿಗೆ ಬಿದ್ದ ಓದು

ನಿನ್ನೆ ನನಗೊಬ್ಬಳು ಮೊಮ್ಮಗಳು ಸಿಕ್ಕಳು. ಬಾಣಂತನವಿಲ್ಲ, ತೊಟ್ಟಿಲಿಲ್ಲ; ಬರುವಾಗಲೇ ಐದನೆಯ ಕ್ಲಾಸು ಪಾಸು ಮಾಡಿ, ಎರಡು ಜಡೆ ಹೆಣೆದುಕೊಂಡು, ಅಪ್ಪ ಅವ್ವನ ನಡುವೆ ಹನೂರಿನ ಬಸ್ಸಿನಿಂದ ಇಳಿದಳು. ಹೆಸರು ರತ್ನ. ಮಧ್ಯಾಹ್ನದ ಹೊತ್ತಿಗೆ ಕೊಳ್ಳೇಗಾಲದ ದೊಡ್ಡ ಸ್ಕೂಲಿನಲ್ಲಿ ಅವಳ ಹೆಸರು ಹತ್ತಿತು. ಎರಡನೆಯ ಕ್ಲಾಸಿಗೇ ಸ್ಲೇಟು ಬಿಟ್ಟು ಮಗ್ಗದ ಗುಣಿಗೆ ಇಳಿದವನು ನಾನು. ಇಷ್ಟು ಸಂತೋಷವನ್ನು ಹಿಡಿಸುವಷ್ಟು ಅಕ್ಷರ ನನ್ನಲ್ಲಿಲ್ಲ. ತುಳುಕಿದ್ದನ್ನು ನೀವೇ ಬಗ್ಗಿ ತುಂಬಿಕೊಳ್ಳಬೇಕು.

ನಮ್ಮ ಗೋಡೆಯ ಗೂಡಿನಲ್ಲಿ ಅಂಚು ನೆಗ್ಗಿದ ಒಂದು ಹಿತ್ತಾಳೆ ತಟ್ಟೆ ಇದೆ. ಅದು ನನ್ನ ಮಗಳು ಗೌರಿಯದು. ಊಟ ಮುಗಿದ ಮೇಲೂ ಏಳದೆ, ಉಳಿದ ಸಾರಿನಲ್ಲಿ ಬೆರಳಾಡಿಸುತ್ತ ಅವಳು ಅಕ್ಷರ ತಿದ್ದುತ್ತಿದ್ದಳು. ನನ್ನ ಹೆಂಡತಿ ಸಾಕಮ್ಮ ಗದರುವಳು, "ತಟ್ಟೇಲಿ ಬರೀಬ್ಯಾಡ ಕಣೇ, ಮನೆಗೆ ಸಾಲ ಅಂಟ್ಕತದೆ." ಗೌರಿ ಅಳಿಸಿ ಇನ್ನೊಂದು ಅಕ್ಷರ ಬರೆಯುವಳು. ದೊಡ್ಡ ಸ್ಕೂಲಿಗೆ ಸೇರುವ ವರುಷವೇ ಚಳಿಜ್ವರ ಬಂದು ಮೊದಲು ಮಗಳನ್ನೂ ಆಮೇಲೆ ತಾಯಿಯನ್ನೂ ಒಂದೇ ಪಕ್ಷದಲ್ಲಿ ಕರೆದುಕೊಂಡು ಹೋಯಿತು. ಅಂದಿನಿಂದ ಆ ತಟ್ಟೆ ವರುಷಕ್ಕೊಮ್ಮೆ, ತಿಥಿಯ ದಿನ, ಎಡೆ ಇಡುವುದಕ್ಕೆ ಮಾತ್ರ ಕೆಳಗಿಳಿಯುತ್ತದೆ.

ವಯಸ್ಸಾದ ಮೇಲೆ ಮನಸ್ಸು ಮಗ್ಗದ ಲಾಳಿಯ ಹಾಗೆ. ಅತ್ತಿಂದಿತ್ತ ಓಡಿ ಓಡಿ ಅದೇ ಉದ್ದೆಳೆಗಳ ಹಾಸಿನಲ್ಲಿ ಇರುತ್ತದೆ. ಸತ್ತವರ ಹೆಸರಿನಲ್ಲಿ ಅರವಟ್ಟಿಗೆ ಇಡುತ್ತಾರೆ, ಕಲ್ಲುಬೆಂಚು ಹಾಕಿಸುತ್ತಾರೆ. ಗೌರಿಗೆ ಬೇಕಾಗಿದ್ದುದು ಕೂರುವ ಕಲ್ಲಲ್ಲ, ಓದು. ನಿಶ್ಚಯ ಮಾಡಿದೆ: ನಮ್ಮ ಮನೆಯ ಒಂದು ಮಗ್ಗದ ದುಡಿಮೆ ಇನ್ನು ಮೇಲೆ ಒಬ್ಬ ಹುಡುಗಿಯ ಫೀಜಿಗೆ, ಪುಸ್ತಕಕ್ಕೆ. ದೂರದವಳಾದರೆ ನಮ್ಮಲ್ಲೇ ಊಟ, ನಿದ್ದೆ. ಅವಳು ಮುಗಿಸಿದರೆ ಇನ್ನೊಬ್ಬಳಿಗೆ. ನನ್ನ ಮಗ ಒಪ್ಪಿದ. ಹೆಡ್‌ಮಾಸ್ತರು ಇದಕ್ಕೆ ವಿದ್ಯಾರ್ಥಿವೇತನ ಅನ್ನುತ್ತಾರೆಂದು ಹೇಳಿಕೊಟ್ಟರು. ನನ್ನ ನಾಲಿಗೆಗೆ ಆ ಮಾತು ಹೊರಳಲಿಲ್ಲ; 'ಗೌರಿ ಓದು' ಅಂತ ಹೆಸರಿಟ್ಟುಕೊಂಡೆ.

ಆದರೆ ಕೊಡುವುದಕ್ಕೂ ಒಂದು ಕೈ ಬೇಕು, ನನ್ನ ಕೈ ಮಗ್ಗದ್ದು. ಒಳ್ಳೆಯ ಕೆಲಸ ಸತ್ತ ತಾಯಿ ಮಗಳ ಕಣ್ಣೆದುರೇ ಆಗಲಿ ಎಂದು ತಿಥಿಯ ದಿನವೇ ಊರವರನ್ನು ಕರೆದೆ. ಗೌರಿಯ ತಟ್ಟೆಯ ಎಡೆಯ ಮಗ್ಗುಲಲ್ಲಿ, ವೀಳ್ಯದ ಮೇಲೆ ದುಡ್ಡಿಟ್ಟು, ಬೇಕಾದವರು ಬಂದು ತೆಗೆದುಕೊಳ್ಳಿ ಎಂದೆ. ಬಂದವರು ಉಂಡರು, ಕೈ ಮುಗಿದರು, ಹೋದರು. ವೀಳ್ಯ ಬಾಡಿತು. ನಮ್ಮ ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವವನು ತನ್ನ ಮಗಳಿಗೆ ಓದು ಸಾಕು ಎಂದ. ನಮ್ಮ ಕೊಳ್ಳೇಗಾಲ ಮೈಸೂರಿಗೆ ಸೇರಿದ್ದಲ್ಲ; ಗಡಿ ದಾಟಿ ಮೈಸೂರು ಸೀಮೆಯ ಯಳಂದೂರಿಗೆ ಹೋಗಿ ಒಬ್ಬರು ಅಂಗಡಿಯವರನ್ನು ಕೇಳಿದರೆ, ಅವರು ಮಜ್ಜಿಗೆ ಕೊಟ್ಟು ಮಳೆಬೆಳೆ ಮಾತಾಡಿ ಕಳಿಸಿದರು.

ನಿಜ ಹೇಳಿದವನು ಹನೂರಿನಲ್ಲಿ ಗಾಡಿ ಹೊಡೆಯುವ ಮಾದಪ್ಪ. ನಮ್ಮ ಪೈಕಿಯವನೇ; ಅವನ ಮನೆಗೇ ಹೋಗಿ ಕೇಳಿದೆ. ಅವನ ಮಗಳು ರತ್ನಳಿಗೆ ಆ ಊರಿನ ಸ್ಕೂಲು ಮುಗಿದಿತ್ತು. ಮುಂದೆ ಓದಿಲ್ಲವಾದರೆ ರೇಷ್ಮೆ ಬಿಚ್ಚುವ ಮನೆಯ ಬಿಸಿನೀರಿನಲ್ಲಿ ಕೈ ಅದ್ದುವುದೇ ಎಂದು ಆಗಲೇ ಮಾತಾಗಿತ್ತು.

"ಯಜಮಾನ್ರೆ, ನಿಮ್ ಮನ್ಸು ದೊಡ್ದು ಕಣ್ರಿ, ಇಲ್ಲ ಅನ್ನಕಿಲ್ಲ," ಎಂದ ಅವನು. "ಆದ್ರೆ ಎಡೆ ಮುಂದ್ಲ ದುಡ್ಡ ಮಗೀನ ಕೈಗ್ ಆಕಾಕೆ ನಂಗ್ ಧೈರ್ಯ ಇಲ್ಲ. ಸತ್ತೋರ್ ಎಸ್ರಲ್ಲಿ ದಾನ ಈಸ್ಕಂಡ್ರೆ ಅವರ ಕರ್ಮ್ವೂ ಜತೇಲಿ ಬತ್ತದೆ ಅಂತರೆ."

"ನನ್ ಮಗ್ಳು ಆ ವಯಸ್ಸಿಗೆ ಏನ್ ಕರ್ಮ ಮಾಡಿದ್ದಾಳಪ್ಪ?"

"ಅದ ನಾನ್ ಎಂಗೇಳ್ಳಿ? ನೀವ್ ಬ್ಯಾಸ್ರ ಮಾಡ್ಕಬ್ಯಾಡಿ."

ರತ್ನ ಅವ್ವನ ಪಕ್ಕ ಕೂತು ಕೇಳುತ್ತಿದ್ದಳು. ಅಪ್ಪ ಬೇಡವೆಂದಾಗ ಎದ್ದು ಒಳಗೆ ಹೋದಳು. ನನಗೆ ಸಿಟ್ಟು ಬಂದದ್ದು ನಿಜ. ಮನೆಗೆ ಬಂದು ಸೊಸೆ ಪುಟ್ಟತಾಯಮ್ಮನ ಮುಂದೆ ಕೂಗಾಡಿದೆ. ಅವಳು ಮಗ್ಗಕ್ಕೆ ಹಾಸು ಕೂಡಿಸುತ್ತಿದ್ದಳು. ನೀವು ಈ ಕೆಲಸ ನೋಡಿಲ್ಲದಿದ್ದರೆ ಹೇಳುತ್ತೇನೆ: ನೇಯ್ದ ಸೀರೆಯನ್ನು ಕುಯ್ದು ತೆಗೆದಾಗ ಹಳೆಯ ಹಾಸನ್ನು ಪೂರ್ತಿ ಕೀಳುವುದಿಲ್ಲ, ಗೇಣುದ್ದ ಬಿಡುತ್ತೇವೆ; ಬೆರಳಿಗೆ ಬೂದಿ ಹಚ್ಚಿಕೊಂಡು, ಅದರ ಒಂದೊಂದು ಎಳೆಯ ತುದಿಗೂ ಹೊಸ ಎಳೆಯನ್ನು ಹೊಸೆಯುತ್ತೇವೆ. ಸಾಕಮ್ಮ ಹೊಸೆದದ್ದು ಯಾವತ್ತೂ ಬಿಟ್ಟುಕೊಂಡದ್ದಿಲ್ಲ.

ತಲೆ ಎತ್ತದೆ ಸೊಸೆ ಹೇಳಿದಳು, "ಮಾವ, ಎಡೆಗಿಟ್ಟುದ್ನ ಕೊಟ್ರೆ ಯಾರ್ ಈಸ್ಕಂಡಾರು? ಮಡ್ಲಕ್ಕಿ ಬ್ಯಾಡ ಅಂದೋರ್ನ ಎಲ್ಲಾರ ಕಂಡಿದ್ದೀರಾ? ತವರೋರು ಮಗ್ಳಿಗೆ ಕೊಡದು ದಾನ ಅಲ್ಲ. ರತ್ನನ ಅವ್ವ ಕೆಂಪಮ್ಮುಂಗೆ ತವರು ಅಂತ ಯಾರೂ ಉಳ್ದಿಲ್ಲ."

ನಾನು ಕೂತೇಬಿಟ್ಟೆ. ಗೌರಿ ಬದುಕಿದ್ದರೆ ಕೆಂಪಮ್ಮನ ಓರಗೆಯವಳು. ಅವಳಿಗೂ ಅಷ್ಟೇ ವಯಸ್ಸಿನ ಮಗಳಿರಬಹುದಾಗಿತ್ತು. ಇಷ್ಟು ದಿನ ನಾನು ಸತ್ತ ಕಡೆಯಿಂದ ಕೊಡಲು ಹೊರಟಿದ್ದೆ, ಗಂಟು ಹಾಕಬೇಕಾಗಿದ್ದು ಬದುಕಿದ ಕಡೆಯ ಎಳೆಗೆ. ದಾನ ತೆಗೆದುಕೊಂಡವರು ತಲೆ ತಗ್ಗಿಸಬೇಕು. ಮಗಳಾದವಳು ಇನ್ನೂ ಬೇಕು ಎಂದು ಜಗಳವಾಡಬಹುದು. ಕೊಡುವ ವಸ್ತು ಒಂದೇ ಆದರೂ ಕೊಡುವ ಬಾಗಿಲು ಬೇರೆಯಾದರೆ ಅದರ ಅರ್ಥವೇ ಬೇರೆ ಎಂಬುದು, ಗೆಳೆಯರೇ, ಬಾಗಿಲಿನ ಒಳಗಿದ್ದ ಹೆಂಗಸಿಗೆ ತಿಳಿದಿತ್ತು, ಹೊರಗೆ ತಿರುಗುವ ನನಗೆ ತಿಳಿದಿರಲಿಲ್ಲ.

ಒಂದು ಸೋಮವಾರ ಇಬ್ಬರೂ ಹನೂರಿಗೆ ಹೋದೆವು. ಸೊಸೆ ಕೆಂಪಮ್ಮನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ಕೊಬ್ಬರಿ, ಬೆಲ್ಲ, ನಮ್ಮ ಮಗ್ಗದ ರವಿಕೆಕಣ ಮಡಿಲಿಗೆ ತುಂಬಿದಳು. ಜೊತೆಗೆ ರತ್ನಳಿಗೆಂದು ತಂದ ಪುಸ್ತಕಗಳನ್ನೂ ಇಟ್ಟಳು. ಕೆಂಪಮ್ಮ ಗಂಡನ ಕಡೆ ನೋಡಿದಳು. ಮಾದಪ್ಪ ಎದ್ದು ಎತ್ತಿಗೆ ಒಂದು ಹಿಡಿ ಹುಲ್ಲು ಹಾಕಿ, "ತವರೋರು ಕೊಟ್ಟುದ್ಕೆ ನಾನ್ಯಾರು ಅಡ್ಡ ಬರಾಕೆ," ಎಂದ. ಕೆಂಪಮ್ಮ ಸೆರಗು ಗಂಟು ಹಾಕಿಕೊಂಡು ಹೇಳಿದ ಮೊದಲ ಮಾತು, "ಅಪ್ಪಯ್ಯ, ಬೆಲ್ಲ ಒಂದಚ್ಚು ಕಮ್ಮಿ ಆಯ್ತು ಕಣ." ನನಗೆ ನಗು ಬಂತು, ಕಣ್ಣೊರೆಸಿಕೊಂಡೆ.

ನಿನ್ನೆ ಸ್ಕೂಲಿಗೆ ಸೇರಿಸಿ ಬಂದ ಮೇಲೆ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳಿನ ಸಾರು, ಮೇಲೆ ಪಾಯಸ. ತಟ್ಟೆ ಒಂದು ಸಾಲದೆ ಬಂತು. ಸೊಸೆ ಎಲೆ ತರಲು ಏಳುವುದರೊಳಗೆ ಕೆಂಪಮ್ಮ ಗೂಡಿಗೆ ಕೈ ಹಾಕಿ ಅಂಚು ನೆಗ್ಗಿದ ತಟ್ಟೆಯನ್ನು ತೆಗೆದಿದ್ದಳು.

"ಅದು ಗೌರವ್ವಂದು," ಎಂದಳು ಸೊಸೆ, ಮೆಲ್ಲಗೆ. "ಎಡೆ ಇಡದು."

ಕೆಂಪಮ್ಮ ತಟ್ಟೆಯನ್ನು ತಿರುಗಿಸಿ ನೋಡಿದಳು. ಮಾದಪ್ಪ ಏನೋ ಹೇಳಲು ಬಾಯಿ ತೆರೆದ. ಅವಳು ಅವನನ್ನು ಮಾತಾಡಲು ಬಿಡಲಿಲ್ಲ. "ಈ ಮನೆ ಮಗ್ಳುದ್ದು ಅಂದ್ರೆ ನಂದೇ ಆಯ್ತಲ್ಲ," ಎಂದು ಸೆರಗಿನಿಂದ ಅದನ್ನು ಒರೆಸಿ, ರತ್ನಳ ಪಕ್ಕ ಕೂತು, ನನ್ನ ಕಡೆಗೆ ಚಾಚಿದಳು.

ನಾನು ಬಡಿಸಿದೆ. ಮಾದಪ್ಪ ಆ ತಟ್ಟೆಯ ಕಡೆ ನೋಡಿ, ತನ್ನ ಮುದ್ದೆ ಮುರಿದ.